ಅಂಚೆ ಕಾರ್ಡಿನಲ್ಲಿ ನಡೆದ ಹಾಡಿನ ಚುನಾವಣೆ

ಹಾಡಿನ ಸ್ಪರ್ಧೆ ಎಂದರೆ ಹಾಡುವವರಿಗಿಂತ ಕೇಳುವವರಿಗೇ ಹೆಚ್ಚು ಕಾವು. ಗಣಪತಿ ಪೆಂಡಾಲಿನ ಭಜನೆ ಸ್ಪರ್ಧೆಯಲ್ಲಿ ಬಹುಮಾನ ನಿಜಕ್ಕೂ ಯಾರಿಗೆ ಹೋಗಬೇಕಿತ್ತು ಎಂಬ ಜಗಳ ಮುಂದಿನ ವರ್ಷದ ಗಣಪತಿ ಬರುವವರೆಗೂ ಎಳೆಯುವುದುಂಟು. ಯುರೋಪಿನ ದೇಶಗಳು 1956ರಲ್ಲಿ ಆರಂಭಿಸಿದ ಯುರೋವಿಷನ್ ಎಂಬ ವಾರ್ಷಿಕ ಗೀತ ಸ್ಪರ್ಧೆಯದೂ ಇದೇ ಕಥೆ. ಅಲ್ಲಿನ ಅಭಿಮಾನಿಗಳು ಟಿ.ವಿ. ಮುಂದೆ ಅಂಕಪಟ್ಟಿ ಹಿಡಿದು ಕುಳಿತು, ತೀರ್ಪುಗಾರರಿಗಿಂತ ಮೊದಲೇ ತಾವು ಅಂಕ ಹಾಕಿರುತ್ತಾರೆ. ಎರಡೂ ಪಟ್ಟಿ ತಾಳೆಯಾಗದಿದ್ದರೆ ತಪ್ಪು ತೀರ್ಪುಗಾರರದೇ!

ನಮ್ಮ ಕಡೆ ಇಂಥದೊಂದು ಹುಚ್ಚು ಹಿಡಿಸಿದ್ದು ಯುರೋವಿಷನ್ ಅಲ್ಲ. ಅದಕ್ಕೂ ಮೂರೂವರೆ ವರ್ಷ ಮೊದಲು, 1952ರ ಡಿಸೆಂಬರ್ 3ರ ಬುಧವಾರ, ಸಮುದ್ರದಾಚೆಯ ಕೊಲಂಬೊದಿಂದ ಶುರುವಾದ ‘ಬಿನಾಕಾ ಗೀತಮಾಲಾ’ ಎಂಬ ರೇಡಿಯೊ ಕಾರ್ಯಕ್ರಮ. ಹಿಂದಿ ಚಿತ್ರಗೀತೆಗಳಿಗೆ ವಾರವಾರವೂ ಸ್ಥಾನ ಕೊಟ್ಟು, ವರ್ಷದ ಕೊನೆಗೆ ಅವನ್ನೆಲ್ಲ ಒಟ್ಟುಗೂಡಿಸಿ ಒಂದು ಹಾಡಿಗೆ ಪಟ್ಟ ಕಟ್ಟುವ ಈ ಕಾರ್ಯಕ್ರಮ ನಾಲ್ಕು ದಶಕ ನಡೆಯಿತು. ಪರದೇಶದ ನಿಲಯ, ಪರಭಾಷೆಯ ಹಾಡು. ಆದರೂ ಬುಧವಾರ ರಾತ್ರಿ ಎಂಟು ಗಂಟೆಯಾಯಿತೆಂದರೆ ಹೋಟೆಲಿನ ರೇಡಿಯೊ ಮುಂದೆ ಜನ ಗುಂಪುಗೂಡುತ್ತಿದ್ದುದು, ನೋಟ್ ಪುಸ್ತಕದಲ್ಲಿ ಹದಿನಾರು ಹಾಡುಗಳನ್ನು ಕ್ರಮವಾಗಿ ಬರೆದುಕೊಳ್ಳುತ್ತಿದ್ದುದು, ತನ್ನ ಹಾಡು ಒಂದು ಮೆಟ್ಟಿಲು ಇಳಿಯಿತೆಂದು ರಾತ್ರಿಯೂಟ ರುಚಿಸದೆ ಹೋಗುತ್ತಿದ್ದುದು ಕನ್ನಡ ನಾಡಿನ ಒಂದು ಇಡೀ ತಲೆಮಾರಿನ ನೆನಪು.

ಚಳ್ಳಕೆರೆ, ಮೊಳಕಾಲ್ಮುರಿನಂಥ ಊರುಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಹುಚ್ಚಿನ ಮರ್ಮ ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿದವು. ಒಂದು ಶೇಂಗಾ, ಎಣ್ಣೆ ಗಿರಣಿ, ಕಂಬಳಿ ಸಂತೆಗೆ ಹೆಸರಾದ ಊರು; ಇನ್ನೊಂದು ರೇಷ್ಮೆ ಸೀರೆಯ ಊರು. ರಾಜಧಾನಿ ದೂರ, ಸಮುದ್ರ ಇನ್ನೂ ದೂರ. 1953ಕ್ಕೆ ಮುಂಚೆ ಮೊಳಕಾಲ್ಮುರು ಮೈಸೂರು ಸಂಸ್ಥಾನದ ಒಂದು ಚಾಚು. ಅದರ ಸುತ್ತ ಬಹುಪಾಲು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಸೀಮೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇನ್ನೊಂದು ಎನ್ನುವುದು ಇಲ್ಲಿ ಯಾರಿಗೂ ವಿಚಿತ್ರವಲ್ಲ.

ದೂರದ ದನಿ ಅರ್ಥವಾಗದ ಭಾಷೆಯಲ್ಲಿ ಬರುವುದೂ ಈ ನೆಲಕ್ಕೆ ಹೊಸದೇನಲ್ಲ ಎನ್ನಬೇಕು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಬಿ.ಎಲ್. ರೈಸ್ ಅವನ್ನು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆ ಸಂದೇಶದ ಭಾಷೆ ಪ್ರಾಕೃತ. ಅಶೋಕನಿಗೆ ಬಂಡೆ ಬೇಕಾಗಿತ್ತು. ಕೊಲಂಬೊದವರಿಗೆ ಆಕಾಶ ಸಾಕಾಯಿತು.

ಮಂತ್ರಿಗಳ ಸಿಟ್ಟು, ಸಿಲೋನಿನ ಲಾಭ

ಅಷ್ಟಕ್ಕೂ ಭಾರತದ ಹಾಡು ಕೇಳಲು ಸಿಲೋನಿಗೆ ಕಿವಿಗೊಡಬೇಕಾದ ಪ್ರಮೇಯ ಏಕೆ ಬಂತು? ಇದಕ್ಕೆ ಉತ್ತರ ದೆಹಲಿಯಲ್ಲಿದೆ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದವರು ಡಾ. ಬಿ.ವಿ. ಕೇಸ್ಕರ್. ಶಾಸ್ತ್ರೀಯ ಸಂಗೀತದ ಮೇಲೆ ಅಪಾರ ಗೌರವವಿದ್ದ ಅವರಿಗೆ ಚಿತ್ರಗೀತೆ ಎಂದರೆ ಅಗ್ಗದ ಸರಕು, ಪಾಶ್ಚಾತ್ಯ ತಾಳದ ಅನುಕರಣೆ. ಸ್ವತಂತ್ರ ಭಾರತದ ಜನರ ಕಿವಿಯನ್ನು ತಿದ್ದುವುದು ಆಕಾಶವಾಣಿಯ ಕರ್ತವ್ಯವೆಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. ಚಿತ್ರಗೀತೆಗಳ ಸಮಯಕ್ಕೆ ಕತ್ತರಿ ಬಿತ್ತು. ಹಾಡು ಹಾಕಿದಾಗ ಚಿತ್ರದ ಹೆಸರು ಹೇಳುವುದೂ ಜಾಹೀರಾತಾಗುತ್ತದೆ ಎಂಬ ತಕರಾರು ಹುಟ್ಟಿತು. ಇದರಿಂದ ಕೆರಳಿದ ನಿರ್ಮಾಪಕರು ಹಾಡುಗಳ ಪ್ರಸಾರಕ್ಕೆ ಕೊಟ್ಟಿದ್ದ ಅನುಮತಿಯನ್ನೇ ಹಿಂದಕ್ಕೆ ಪಡೆದರು. ಕೆಲ ವರ್ಷಗಳ ಕಾಲ ದೇಶದ ರೇಡಿಯೊದಲ್ಲಿ ದೇಶದ ಜನಪ್ರಿಯ ಹಾಡುಗಳಿಗೆ ಜಾಗವೇ ಇಲ್ಲದಂತಾಯಿತು.

ಒಂದು ವಿಷಯವನ್ನು ಗಮನಿಸಬೇಕು. ಆಗಷ್ಟೇ, 1951-52ರಲ್ಲಿ, ದೇಶದ ಮೊದಲ ಮಹಾಚುನಾವಣೆ ಮುಗಿದಿತ್ತು. ಓದು ಬರಹ ಬಾರದವನಿಗೂ ಸರ್ಕಾರವನ್ನು ಆರಿಸುವ ತಿಳಿವಳಿಕೆ ಇದೆ ಎಂದು ಒಪ್ಪಿದ ವ್ಯವಸ್ಥೆಯೇ, ಅವನಿಗೆ ಹಾಡನ್ನು ಆರಿಸುವ ತಿಳಿವಳಿಕೆ ಇಲ್ಲ ಎಂದು ಹೇಳಿದಂತಾಯಿತು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಬಳಕೆಗೆ ಬಂದದ್ದು ಮೈಸೂರಿನಲ್ಲಿ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ನಡೆಸಿದ ಖಾಸಗಿ ನಿಲಯದ ಹೆಸರು ಅದು. ಒಬ್ಬ ಮೇಷ್ಟರು ಮನೆಯಿಂದ ಪ್ರಸಾರ ಮಾಡಿದ ಕಾಲ ಹೋಗಿ, ಇಡೀ ದೇಶದ ಕಿವಿ ಒಂದೇ ಇಲಾಖೆಯ ಕೈಗೆ ಬಂದಿತ್ತು.

ಅತ್ತ ಕೊಲಂಬೊದಲ್ಲಿ ಪರಿಸ್ಥಿತಿ ತದ್ವಿರುದ್ಧ. ಎರಡನೇ ಮಹಾಯುದ್ಧದ ಕಾಲದಲ್ಲಿ ಮೌಂಟ್‌ಬ್ಯಾಟನ್ನರ ಆಗ್ನೇಯ ಏಷ್ಯಾ ದಂಡಿನ ಠಾಣ್ಯ ಸಿಲೋನಿನಲ್ಲಿತ್ತು. ಆ ಸೈನಿಕರಿಗೆಂದು ಬ್ರಿಟಿಷರು ಕೊಲಂಬೊ ಬಳಿಯ ಏಕಲದಲ್ಲಿ ಭಾರಿ ಶಕ್ತಿಯ ಶಾರ್ಟ್‌ವೇವ್ ಪ್ರೇಷಕವನ್ನು ಸ್ಥಾಪಿಸಿದ್ದರು. ಯುದ್ಧ ಮುಗಿಯಿತು, ಸೈನಿಕರು ಹೋದರು, ಯಂತ್ರ ಉಳಿಯಿತು. ಅದನ್ನು ಪಡೆದ ಸಿಲೋನ್ ಸರ್ಕಾರ 1950ರಲ್ಲಿ ವಾಣಿಜ್ಯ ಪ್ರಸಾರ ಆರಂಭಿಸಿತು. ಕೊಲಂಬೊ ಯೋಜನೆಯಡಿ ಬಂದ ಆಸ್ಟ್ರೇಲಿಯಾದ ಕ್ಲಿಫರ್ಡ್ ಡಾಡ್ ಅದಕ್ಕೆ ವ್ಯಾಪಾರದ ಚುರುಕು ತಂದರು. ದೆಹಲಿ ಬಾಗಿಲು ಮುಚ್ಚಿದ ಹೊತ್ತಿಗೆ ಕೊಲಂಬೊದ ಅಂಗಡಿ ತೆರೆದಿತ್ತು. ಹಲ್ಲುಪುಡಿ, ಸೋಪು, ತಲೆನೋವಿನ ಗುಳಿಗೆಯವರೆಲ್ಲ ಸಾಲುಗಟ್ಟಿ ನಿಂತರು. ‘ಬಿನಾಕಾ’ ಎನ್ನುವುದೂ ಸ್ವಿಸ್ ಕಂಪನಿ ಸೀಬಾದ ಟೂತ್‌ಪೇಸ್ಟಿನ ಹೆಸರು. ತಮಾಷೆಯೆಂದರೆ ಕಾರ್ಯಕ್ರಮ ತಯಾರಾಗುತ್ತಿದ್ದುದು ಮುಂಬಯಿಯಲ್ಲಿ! ಅಲ್ಲಿ ಧ್ವನಿಮುದ್ರಿಸಿದ ಸುರುಳಿಗಳು ವಿಮಾನದಲ್ಲಿ ಕೊಲಂಬೊಗೆ ಹೋಗಿ, ಅಲ್ಲಿಂದ ಆಕಾಶಮಾರ್ಗವಾಗಿ ಭಾರತಕ್ಕೇ ವಾಪಸಾಗುತ್ತಿದ್ದವು.

ಹೀಗೆ ಹಿಂತಿರುಗಿ ಬರುವ ದಾರಿಯಲ್ಲಿ ಅವು ಚಳ್ಳಕೆರೆಯನ್ನು ಮುಟ್ಟುತ್ತಿದ್ದ ಬಗೆ ವಿಜ್ಞಾನದ ಪಾಠವೇ ಸರಿ. ಕೊಲಂಬೊಗೂ ಚಳ್ಳಕೆರೆಗೂ ನೇರ ದೂರ ಸುಮಾರು 900 ಕಿಲೋಮೀಟರ್. ಮೀಡಿಯಂ ವೇವ್ ಅಲೆಗಳು ಹಗಲಲ್ಲಿ ನೆಲವನ್ನೇ ಹಿಡಿದು ಸಾಗುತ್ತವೆ. ದೂರ ಹೋದಂತೆ ಸೊರಗುತ್ತವೆ. ಶಾರ್ಟ್‌ವೇವ್ ಅಲೆಗಳು ಮೇಲಕ್ಕೆ ಹಾರಿ, ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳಕ್ಕೆ ತಾಗಿ, ಗೋಡೆಗೆ ಎಸೆದ ಚೆಂಡಿನಂತೆ ಕೆಳಗೆ ಬರುತ್ತವೆ. ಬೀಳುವ ಜಾಗ ಎಲ್ಲೋ ದೂರದಲ್ಲಿ. ಆ ಪದರ ಗಂಟೆಗಂಟೆಗೂ ಬದಲಾಗುವುದರಿಂದಲೇ ದನಿ ಒಮ್ಮೆ ಹತ್ತಿರ ಬಂದಂತೆ, ಒಮ್ಮೆ ಬಾವಿಯೊಳಗಿನಿಂದ ಕರೆದಂತೆ ಏರಿಳಿಯುತ್ತಿತ್ತು. 1950ರ ದಶಕದಲ್ಲಿ ಈ ತಾಲ್ಲೂಕುಗಳಿಗೆ ಕನ್ನಡದ ನಿಲಯಗಳೆಂದರೆ ಧಾರವಾಡ ಮತ್ತು ಬೆಂಗಳೂರು, ಎರಡೂ ದೂರ. ಭದ್ರಾವತಿ ನಿಲಯ ಬಂದದ್ದು 1965ರಲ್ಲಿ. ಚಿತ್ರದುರ್ಗದ ನಿಲಯ ಅದಕ್ಕೂ ಎಷ್ಟೋ ವರ್ಷಗಳ ನಂತರ. ಹಾಗಾಗಿ ಮಾಳಿಗೆಯ ಮೇಲೆ ಎರಡು ಗಳು ನೆಟ್ಟು ಏರಿಯಲ್ ತಂತಿ ಕಟ್ಟಿದವನಿಗೆ ಹತ್ತಿರದ ಊರಿಗಿಂತ ದೂರದ ದ್ವೀಪವೇ ಸ್ಪಷ್ಟವಾಗಿ ಕೇಳುವ ವಿಚಿತ್ರ ನಡೆಯಿತು.

ಇಪ್ಪತ್ತೈದು ರೂಪಾಯಿಯ ಹುಡುಗ

ಕಾರ್ಯಕ್ರಮ ಆರಂಭವಾದಾಗ ಅದು ಶುದ್ಧ ಸ್ಪರ್ಧೆಯೇ. ಏಳು ಹಾಡುಗಳನ್ನು ಯಾವ ಕ್ರಮವೂ ಇಲ್ಲದೆ ಕೇಳಿಸುವುದು, ಅವನ್ನು ಸರಿಯಾಗಿ ಜೋಡಿಸಿ ಬರೆದವರಿಗೆ ನೂರು ರೂಪಾಯಿ ಬಹುಮಾನ ಕೊಡುವುದು. ಮಾತುಗಳನ್ನು ಬರೆದು, ತಾನೇ ನಿರೂಪಿಸಿ, ಬಂದ ಪತ್ರಗಳನ್ನೂ ತಾನೇ ನೋಡಬೇಕು. ಇಷ್ಟಕ್ಕೆ ವಾರಕ್ಕೆ 25 ರೂಪಾಯಿ. ಅನುಭವಸ್ಥರು ಯಾರೂ ಮುಂದೆ ಬರಲಿಲ್ಲ. ಒಪ್ಪಿಕೊಂಡವರು ಇಂಗ್ಲಿಷ್ ನಿರೂಪಕ ಹಮೀದ್ ಸಯಾನಿಯವರ ತಮ್ಮ ಅಮೀನ್. ಆ ಬುಧವಾರ ಅವರಿಗೆ ಇಪ್ಪತ್ತು ತುಂಬಲು ಇನ್ನೂ ಹದಿನೆಂಟು ದಿನ ಬಾಕಿ ಇತ್ತು.

ಐವತ್ತೋ ನೂರೋ ಪತ್ರ ಬಂದೀತು ಎಂದುಕೊಂಡಿದ್ದರೆ ಮೊದಲ ವಾರವೇ ಒಂಬತ್ತು ಸಾವಿರ ಪತ್ರಗಳು ಬಂದವು. ನೋಡನೋಡುತ್ತ ವಾರಕ್ಕೆ 65 ಸಾವಿರ ಮುಟ್ಟಿತು. ಅಷ್ಟನ್ನು ತೆರೆದು ನೋಡುವುದೇ ಅಸಾಧ್ಯವಾದಾಗ, 1954ರ ಕೊನೆಗೆ, ಬಹುಮಾನದ ಒಗಟನ್ನು ಕೈಬಿಟ್ಟು ಜನಪ್ರಿಯತೆಯ ಪ್ರಕಾರ ಹಾಡುಗಳನ್ನು ಕೆಳಗಿನಿಂದ ಮೇಲಕ್ಕೆ ಹತ್ತಿಸುವ ಪದ್ಧತಿ ಬಂತು. ಸ್ಥಾನಕ್ಕೆ ಸಯಾನಿ ಬಳಸಿದ ಶಬ್ದ ‘ಪಾಯದಾನ್’, ಅಂದರೆ ಮೆಟ್ಟಿಲು. ಬಹುಮಾನ ಹೋಯಿತು, ಆದರೆ ಕೇಳುಗರು ಹೋಗಲಿಲ್ಲ. ಇದೇ ನಿಜವಾಗಿ ಯೋಚಿಸಬೇಕಾದ ಸಂಗತಿ. ನೂರು ರೂಪಾಯಿ ಆಗಿನ ಕಾಲಕ್ಕೆ ಸಣ್ಣ ಮೊತ್ತವಲ್ಲ. ಆದರೂ ಜನ ಬರೆಯುತ್ತಿದ್ದುದು ಹಣಕ್ಕಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಹಾಗಾದರೆ ಯಾವುದಕ್ಕೆ? ಝೂಮ್ರಿ ತಿಲಯ್ಯಾ ಎಂಬ ಊರಿನ ಹೆಸರನ್ನು ರೇಡಿಯೊ ಕಾಲದ ಓದುಗರು ಮರೆತಿರಲಾರರು. ಇಂದಿನ ಜಾರ್ಖಂಡಿನ ಕೋಡರ್ಮಾ ಜಿಲ್ಲೆಯ ಈ ಕಾಗೆಬಂಗಾರದ ಗಣಿ ಊರಿನಿಂದ ಬರುತ್ತಿದ್ದ ಕೋರಿಕೆ ಪತ್ರಗಳು ಎಷ್ಟೆಂದರೆ, ಅಂಥ ಊರೇ ಇಲ್ಲ, ನಿಲಯದವರು ಕಟ್ಟಿದ ಕಥೆ ಎಂದು ಬಹಳ ಜನ ನಂಬಿದ್ದರು. ಊರಿತ್ತು. ಅಲ್ಲಿಯವರು ತಮ್ಮ ಹೆಸರು, ಊರ ಹೆಸರು ಗಾಳಿಯಲ್ಲಿ ಕೇಳಿಬರಲೆಂದು ಪೈಪೋಟಿಯ ಮೇಲೆ ಬರೆಯುತ್ತಿದ್ದರು. ನಕ್ಷೆಯಲ್ಲಿ ಚುಕ್ಕೆಯಷ್ಟಿರುವ ಊರಿಗೆ ತಾನೂ ಇದ್ದೇನೆ ಎಂದು ಹೇಳಿಕೊಳ್ಳಲು ಆಗ ಬೇರೆ ದಾರಿ ಯಾವುದಿತ್ತು? ಪತ್ರಿಕೆಯಲ್ಲಿ ಹೆಸರು ಬರಬೇಕಾದರೆ ಬರ ಬೀಳಬೇಕು, ಇಲ್ಲವೇ ಕೊಲೆಯಾಗಬೇಕು. ರೇಡಿಯೊಕ್ಕೆ ಒಂದು ಕಾರ್ಡು ಸಾಕಿತ್ತು. ಮುಂದೆ ಕನ್ನಡ ನಿಲಯಗಳ ಕೋರಿಕೆ ಕಾರ್ಯಕ್ರಮಗಳಲ್ಲಿ ಒಂದು ಹಾಡಿಗೆ ಮುಂಚೆ ಹತ್ತಾರು ಹಳ್ಳಿಗಳ, ಇಡೀ ಮನೆಮಂದಿಯ ಹೆಸರುಗಳನ್ನು ಓದುತ್ತಿದ್ದುದು ಇದೇ ಆಸೆಯ ಮುಂದುವರಿಕೆ. ಹಾಡಿಗಿಂತ ಹೆಸರುಗಳ ಪಟ್ಟಿಯೇ ಉದ್ದವಾಯಿತೆಂದು ಗೊಣಗಿದವರೂ ತಮ್ಮೂರ ಹೆಸರು ಬಂದಾಗ ಕಿವಿ ನಿಮಿರಿಸುತ್ತಿದ್ದರು.

ಇನ್ನು ಎಣಿಕೆಯ ವಿಚಾರ. ಸ್ಥಾನ ನಿರ್ಧಾರಕ್ಕೆ ದೇಶದ ಹಲವು ನಗರಗಳ ರೆಕಾರ್ಡ್ ಅಂಗಡಿಗಳಿಂದ ಮಾರಾಟದ ವಿವರ ತರಿಸಲಾಗುತ್ತಿತ್ತು. ಚುನಾವಣೆ ಎಂದ ಮೇಲೆ ಅಕ್ರಮವಿಲ್ಲದೆ ಇರುತ್ತದೆಯೇ? ತಮ್ಮ ಹಾಡನ್ನು ಮೇಲೇರಿಸಲು ಚಿತ್ರರಂಗದವರೇ ರಾಶಿಗಟ್ಟಲೆ ರೆಕಾರ್ಡು ಕೊಂಡುಬಿಡುವ ಉಪಾಯ ಹೂಡಿದರು. ಅದಕ್ಕೆ ಪ್ರತಿಯಾಗಿ ಊರೂರುಗಳ ರೇಡಿಯೊ ಕ್ಲಬ್ಬುಗಳ, ಅಂದರೆ ಶ್ರೋತೃ ಸಂಘಗಳ, ಅಭಿಪ್ರಾಯಕ್ಕೂ ಬೆಲೆ ಬಂತು. ಇಲ್ಲಿಯೇ ಸಣ್ಣ ಊರಿನ ಅಭಿಮಾನಿಗೆ ನಿಜವಾದ ಮತ ಸಿಕ್ಕಿದ್ದು. ರೆಕಾರ್ಡು ಕೊಳ್ಳಬೇಕಾದರೆ ಗ್ರಾಮಫೋನ್ ಬೇಕು, ಅದಕ್ಕೆ ದುಡ್ಡು ಬೇಕು. ಹೋಟೆಲಿನ ರೇಡಿಯೊ ಕೇಳಿ ಸಂಘದ ಮೂಲಕ ಒಂದು ಕಾರ್ಡು ಹಾಕಲು ಅಷ್ಟೊಂದು ಬೇಕಿಲ್ಲ. ಸ್ಪರ್ಧೆಯನ್ನು ಕೊಳ್ಳುವವರ ಮೇಲಾಟದಿಂದಲೇ ಕೊಳ್ಳಲಾರದವನ ಮಾತಿಗೆ ತೂಕ ಬಂದದ್ದು ಈ ಕಥೆಯ ಸ್ವಾರಸ್ಯ.

ಪಟ್ಟಿ ಮತ್ತು ಪಟ್ಟು

ಡಿಸೆಂಬರ್ ಬಂತೆಂದರೆ ವಾರ್ಷಿಕ ಪಟ್ಟಿಯ ನಿರೀಕ್ಷೆ. ವರ್ಷವಿಡೀ ಹಾಡುಗಳು ಗಳಿಸಿದ ಅಂಕಗಳನ್ನು ಕೂಡಿ ಕೊನೆಯ ಕಾರ್ಯಕ್ರಮದಲ್ಲಿ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹೇಳಿ, ತುತ್ತೂರಿಯ ದನಿಯೊಂದಿಗೆ ಮೊದಲ ಸ್ಥಾನ ಸಾರುವ ಆ ಹೊತ್ತು ಅಭಿಮಾನಿಗಳಿಗೆ ಹಬ್ಬ. ನೋಟ್ ಪುಸ್ತಕ ಇಟ್ಟವರು ಮೊದಲೇ ಲೆಕ್ಕ ಹಾಕಿರುತ್ತಿದ್ದರು.

ಪಟ್ಟಿಯನ್ನು ಇಂದು ನೋಡಿದರೆ ಅಚ್ಚರಿಗಳಿವೆ. 1953ರ ಮೊದಲ ಹಾಡು ‘ಅನಾರ್ಕಲಿ’ಯದು. 1956ರಲ್ಲಿ ಅಗ್ರಸ್ಥಾನ ‘ಸಿ.ಐ.ಡಿ.’ ಚಿತ್ರದ, ಮುಂಬಯಿ ನಗರವನ್ನು ಛೇಡಿಸುವ ಹಾಡಿಗೆ. ಆ ಚಿತ್ರದ ನಿರ್ಮಾಪಕ ಗುರುದತ್ ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದವರು ಎಂಬುದು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಮನೆಮನೆಯಲ್ಲೂ ಗುನುಗಿದ ‘ಆರಾಧನಾ’ದ ಹಾಡುಗಳು 1969ರಲ್ಲಾಗಲಿ 1970ರಲ್ಲಾಗಲಿ ವರ್ಷದ ಮೊದಲ ಸ್ಥಾನಕ್ಕೇರಲಿಲ್ಲ. ಆ ಎರಡು ವರ್ಷ ಪಟ್ಟ ಸಿಕ್ಕಿದ್ದು ಕ್ರಮವಾಗಿ ‘ಇಂತಕಾಮ್’, ‘ದೋ ರಾಸ್ತೆ’ ಚಿತ್ರಗಳ ಹಾಡುಗಳಿಗೆ. 1975ರಲ್ಲಿ ಗೆದ್ದದ್ದು ‘ರೋಟಿ ಕಪಡಾ ಔರ್ ಮಕಾನ್’ ಚಿತ್ರದ, ಬೆಲೆಯೇರಿಕೆಯನ್ನು ಹಾಡಿ ನಗುವ ಗೀತೆ. ಸಕ್ಕರೆ, ಸೀಮೆಎಣ್ಣೆಗೆ ಸರದಿ ನಿಂತು ಬಂದವರು ಆ ಹಾಡಿಗೆ ಕಾರ್ಡು ಬರೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಗೆದ್ದ ಹಾಡುಗಳೆಲ್ಲ ಉತ್ತಮವೇ? ಖಂಡಿತ ಇಲ್ಲ. ಕೆಲವು ಈಗ ಕೇಳಿದರೆ ಮುಜುಗರವಾಗುವಂಥವು. ಕೇಸ್ಕರರ ಆತಂಕದಲ್ಲಿ ಹುರುಳೇ ಇರಲಿಲ್ಲ ಎನ್ನುವಂತಿಲ್ಲ. ಆದರೆ ಅಭಿಮಾನಿ ಪಟ್ಟಿಯನ್ನು ಪ್ರೀತಿಸಿದ್ದು ಅದು ಸರಿಯಾಗಿತ್ತು ಎಂದಲ್ಲ. ಅದರೊಂದಿಗೆ ಜಗಳವಾಡಬಹುದಾಗಿತ್ತು ಎಂದು. ಆಕಾಶವಾಣಿ ಕೇಳಿಸಿದ್ದನ್ನು ಕೇಳಬೇಕಿತ್ತು, ಇಲ್ಲವೇ ಕಿವಿ ತಿರುಗಿಸಬೇಕಿತ್ತು. ಗೀತಮಾಲಾ ತಪ್ಪು ಮಾಡಿದರೆ ಮುಂದಿನ ಬುಧವಾರದೊಳಗೆ ತಿದ್ದಲು ಒಂದು ಕಾರ್ಡು ಬರೆಯಬಹುದಿತ್ತು.

ಇನ್ನೊಂದು ಆಕರ್ಷಣೆ ಸಯಾನಿಯವರ ಮಾತು. ಸಂಬೋಧನೆಯಲ್ಲಿ ಅಕ್ಕತಂಗಿಯರನ್ನು ಮೊದಲು, ಅಣ್ಣತಮ್ಮಂದಿರನ್ನು ಆಮೇಲೆ ಕರೆಯುತ್ತಿದ್ದುದು ಅವರ ಗುರುತಾಯಿತು. ಅವರ ತಾಯಿ ಕುಲ್ಸುಮ್ ಸಯಾನಿ ಗಾಂಧೀಜಿಯ ಪ್ರೇರಣೆಯಿಂದ ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ರಹಬರ್’ ಎಂಬ ಪತ್ರಿಕೆಯನ್ನು ನಾಗರಿ, ಉರ್ದು, ಗುಜರಾತಿ ಲಿಪಿಗಳಲ್ಲಿ ನಡೆಸಿದವರು. ಆ ಮನೆಯಲ್ಲಿ ಕಲಿತ ಸರಳ ಹಿಂದೂಸ್ತಾನಿಯೇ ಮಗನ ಬಂಡವಾಳ. ಹಿಂದಿಯ ಗಂಧಗಾಳಿ ಇಲ್ಲದವರೂ ಅವರ ದನಿಯ ಏರಿಳಿತದಿಂದಲೇ ಯಾವ ಹಾಡು ಹತ್ತಿತು, ಯಾವುದು ಜಾರಿತು ಎಂದು ತಿಳಿದುಕೊಳ್ಳುತ್ತಿದ್ದರು.

ಹಾಡಿ ಸೋಲಿಸುವ ನಾಡು

ಭಾಷೆ ತಿಳಿಯದೆ ಹಾಡಿಗೆ ಮತ ಹಾಕುವುದೇ ಎಂದು ಇಂದು ಕೇಳಬಹುದು. ಗಡಿ ಸೀಮೆಯವರಿಗೆ ಇದು ಪ್ರಶ್ನೆಯೇ ಅಲ್ಲ. ಚಳ್ಳಕೆರೆ, ಮೊಳಕಾಲ್ಮುರು ಕಡೆ ತೆಲುಗು ಹಾಡು, ಕನ್ನಡ ಹಾಡು ಒಂದೇ ಮನೆಯಲ್ಲಿ ಬಾಳುತ್ತವೆ. ಸಿಲೋನ್ ರೇಡಿಯೊದ ತೆಲುಗು ಪ್ರಸಾರದಲ್ಲಿ ಮೀನಾಕ್ಷಿ ಪೊನ್ನುದೊರೈ ಅವರ ದನಿ ಆಂಧ್ರದ ಮನೆಮಾತಾಗಿತ್ತು. ಗಡಿ ಕಲ್ಲು ಇದೆಯೆಂದು ಅಲೆಗಳು ನಿಲ್ಲುವುದಿಲ್ಲವಷ್ಟೆ. ಕನ್ನಡಕ್ಕೂ ಆ ನಿಲಯದಲ್ಲಿ ಸ್ವಲ್ಪ ಹೊತ್ತು ಮೀಸಲಾಗಿತ್ತು. ಇನ್ನು ಮೊಳಕಾಲ್ಮುರಿನಂಥ ನೇಕಾರರ ಊರಿಗೆ ರೇಡಿಯೊ ಹೇಳಿ ಮಾಡಿಸಿದ ಸಂಗಾತಿ. ಕೈಕಾಲು, ಕಣ್ಣು ಮಗ್ಗದಲ್ಲಿ ಸಿಕ್ಕಿಕೊಂಡವನಿಗೆ ಬಿಡುವಾಗಿರುವುದು ಕಿವಿಯೊಂದೇ.

ಹಾಡಿನ ಪೈಪೋಟಿಯೂ ಈ ನಾಡಿಗೆ ಕೊಲಂಬೊ ಕಲಿಸಿದ್ದಲ್ಲ. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಬೀಗರನ್ನು ಜರಿದು ಪದ ಕಟ್ಟಿ ಹಾಡುವುದು, ಒಬ್ಬರ ಪದಕ್ಕೆ ಇನ್ನೊಬ್ಬರು ಪದದಲ್ಲೇ ತಿರುಗೇಟು ಕೊಡುವುದು ಹಳೆಯ ರೂಢಿ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಹಾಡಿನಲ್ಲೇ ವಾದಿಸುತ್ತವೆ. ತೀರ್ಪು ಕೇಳುವ ಜನರದು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಅಕ್ಷರ ಅರಿಯದ ಆ ಕಾಡುಗೊಲ್ಲ ಮಹಿಳೆಯ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಅವನ್ನು ಕೇಳಿ ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. ಕಾರ್ಡು ಬರೆದವರು ಇಂಥ ಹಾಡಿನ ನಡುವೆ ಬೆಳೆದ ಕಿವಿಯವರು. ಹಾಡು ಯಾವುದು, ಸಪ್ಪೆ ಯಾವುದು ಎಂದು ಅವರಿಗೆ ದೆಹಲಿಯಿಂದ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಒಂದು ನೋವಿನ ಎಳೆಯೂ ಇದರಲ್ಲಿದೆ. ಕನ್ನಡಿಗರು 1952ರಿಂದ ಅಷ್ಟು ಅಕ್ಕರೆಯಿಂದ ಹಿಂಬಾಲಿಸಿದ ಸ್ಪರ್ಧೆಯಲ್ಲಿ ಕನ್ನಡ ಹಾಡು ಸ್ಪರ್ಧಿಯೇ ಆಗಿರಲಿಲ್ಲ. ಆರಂಭದ ವರ್ಷಗಳಲ್ಲಿ ತಯಾರಾಗುತ್ತಿದ್ದ ಕನ್ನಡ ಚಿತ್ರಗಳೇ ಬೆರಳೆಣಿಕೆಯಷ್ಟು. 1962ರಲ್ಲಿ ಬೆಂಗಳೂರಿನ ರಾಮೋತ್ಸವ ಕಛೇರಿಗಳಲ್ಲಿ ಕನ್ನಡದ ಕಲಾವಿದರಿಗೆ ಅವಕಾಶವಿಲ್ಲವೆಂದು ಅ.ನ.ಕೃ. ಬೀದಿಗಿಳಿದು ಪ್ರತಿಭಟಿಸಿದಾಗ ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ? ನಮ್ಮ ನೆಲದಲ್ಲಿ ನಮ್ಮ ದನಿಗೆ ಜಾಗವೆಲ್ಲಿ? ಗೀತಮಾಲಾದ ಅಭಿಮಾನಿಗಳು ಆ ಪ್ರಶ್ನೆಯನ್ನು ಕೊಲಂಬೊಗೆ ಕೇಳಲಿಲ್ಲ. ಹೇರಿಕೆಯ ಹಿಂದಿ ಬೇರೆ, ಹಾಡಿನ ಹಿಂದಿ ಬೇರೆ ಎಂಬ ವಿಚಿತ್ರ ರಾಜಿ ಅವರದು.

ಗೀತಮಾಲಾದ ಮೆಟ್ಟಿಲುಗಳಲ್ಲಿ ಮೆರೆದ ಕಂಠಗಳು ಅಪರೂಪಕ್ಕೆ ಕನ್ನಡಕ್ಕೆ ಬಂದಾಗ ಆದ ಸಂಭ್ರಮಕ್ಕೆ ಇದೂ ಒಂದು ಕಾರಣವಿರಬೇಕು. 1967ರಲ್ಲಿ ಲಕ್ಷ್ಮಣ ಬೆರಳೇಕರರ ಸಂಗೀತದಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ ಲತಾ ಮಂಗೇಶ್ಕರ್ ಹಾಡಿದರು. ಅದೇ ವರ್ಷ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ಮಹಮ್ಮದ್ ರಫಿ, 1972ರಲ್ಲಿ ‘ಕುಳ್ಳ ಏಜೆಂಟ್ 000’ಕ್ಕೆ ಕಿಶೋರ್ ಕುಮಾರ್ ದನಿಯಾದರು. ಮೂವರ ಕನ್ನಡ ಉಚ್ಚಾರವನ್ನೂ ಅಭಿಮಾನಿಗಳು ಮನಸಾರೆ ಕ್ಷಮಿಸಿದರು.

ಯುರೋವಿಷನ್ ಈ ತೊಡಕನ್ನು ಬೇರೆ ರೀತಿ ಬಿಡಿಸಿಕೊಂಡಿತು. 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳೊಂದಿಗೆ ಆರಂಭವಾದ ಅದರಲ್ಲಿ ಪ್ರತಿ ದೇಶಕ್ಕೂ ತನ್ನದೇ ಹಾಡು. ಮರುವರ್ಷದಿಂದ ಒಂದು ನಿಯಮ ಬಂತು: ತನ್ನ ದೇಶದ ಹಾಡಿಗೆ ತಾನೇ ಅಂಕ ಕೊಡುವಂತಿಲ್ಲ. ನೆರೆಯವನ ಹಾಡನ್ನು ಕೇಳಲೇಬೇಕು, ಅದಕ್ಕೆ ಬೆಲೆ ಕಟ್ಟಲೇಬೇಕು. ಆ ಸ್ಪರ್ಧೆಯ ಅತಿ ಬಿಗಿಯಾದ ಸೋಲುಗಳಲ್ಲೊಂದನ್ನು ಉಂಡವರು ಲಖನೌದಲ್ಲಿ ಹುಟ್ಟಿದ ಕ್ಲಿಫ್ ರಿಚರ್ಡ್. 1968ರಲ್ಲಿ ಬ್ರಿಟನ್ ಪರ ಹಾಡಿ ಸ್ಪೇನಿನ ಎದುರು 29-28ರಿಂದ, ಒಂದೇ ಅಂಕದಿಂದ ಸೋತರು. ಮದರಾಸಿನಲ್ಲಿ ಹುಟ್ಟಿದ ಎಂಗಲ್‌ಬರ್ಟ್ ಹಂಪರ್‌ಡಿಂಕ್ 2012ರಲ್ಲಿ ಬಾಕುವಿನಲ್ಲಿ ಹಾಡಿ, 26 ಮಂದಿಯಲ್ಲಿ 25ನೆಯವರಾದರು. ರೆಕಾರ್ಡು ಕೊಳ್ಳುವವರ ಕಾಟ ಅಲ್ಲಿಯೂ ತಪ್ಪಿಲ್ಲ, ರೂಪ ಮಾತ್ರ ಬೇರೆ. 2022ರಲ್ಲಿ ಆರು ದೇಶಗಳ ತೀರ್ಪುಗಾರರ ಮತದಾನದಲ್ಲಿ ಅನುಮಾನಾಸ್ಪದ ಹೊಂದಾಣಿಕೆ ಕಂಡು, ಅವರ ಅಂಕಗಳನ್ನು ಸಂಘಟಕರು ಕೈಬಿಡಬೇಕಾಯಿತು.

ದೆಹಲಿ ತನ್ನ ತಪ್ಪನ್ನು ಬೇಗ ಅರಿಯಿತು, ತಿದ್ದಿಕೊಂಡದ್ದು ನಿಧಾನ. 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ ಆರಂಭವಾಯಿತು. ಚಿತ್ರಗೀತೆಗಳು ಮನೆಗೆ ಮರಳಿದವು. ಆದರೂ ಬುಧವಾರದ ಆ ಒಂದು ಗಂಟೆ ಕೊಲಂಬೊದ ಕೈಯಲ್ಲೇ ಉಳಿಯಿತು. ಟ್ರಾನ್ಸಿಸ್ಟರು ಬಂದು ರೇಡಿಯೊ ಹೊಲದ ಬದುವಿಗೂ ಹೋಯಿತು, 1980ರ ದಶಕದಲ್ಲಿ ಲೈಸೆನ್ಸ್ ಕಟ್ಟುವ ತಾಪತ್ರಯವೂ ತಪ್ಪಿತು. ಅಷ್ಟರಲ್ಲಿ ಕ್ಯಾಸೆಟ್ಟು, ದೂರದರ್ಶನ ಕಾಲಿಟ್ಟಿದ್ದವು. ಕ್ಯಾಸೆಟ್ ಇದ್ದವನು ಬೇಕಾದ ಹಾಡನ್ನು ಬೇಕಾದಾಗ ಕೇಳಬಹುದು. ಬುಧವಾರದವರೆಗೆ ಕಾಯುವ ಕೆಲಸವಿಲ್ಲ. 1989ರಲ್ಲಿ ಕಾರ್ಯಕ್ರಮ ವಿವಿಧ ಭಾರತಿಗೇ ಬಂದು ಸೇರಿತು. ಮೂವತ್ತೇಳು ವರ್ಷ ಹೊರಗಿದ್ದ ಮಗ ಮನೆಗೆ ಬರುವ ಹೊತ್ತಿಗೆ ಮನೆಯವರೆಲ್ಲ ಟಿ.ವಿ. ನೋಡುತ್ತಿದ್ದರು. 1994ರಲ್ಲಿ ಅದು ನಿಂತಿತು. ಮುಂದೆ ಕೆಲಕಾಲ ಬೇರೆ ಹೆಸರಿನಲ್ಲಿ ಮತ್ತೆ ನಡೆಸುವ ಪ್ರಯತ್ನವಾಯಿತಾದರೂ ಹಳೆಯ ಕಾವು ಮರಳಲಿಲ್ಲ.

ಸಯಾನಿಯವರಿಗೆ 2009ರಲ್ಲಿ ಪದ್ಮಶ್ರೀ ಬಂತು. 2024ರ ಫೆಬ್ರುವರಿ 20ರಂದು, 91ನೇ ವಯಸ್ಸಿನಲ್ಲಿ, ಅವರು ಮುಂಬಯಿಯಲ್ಲಿ ತೀರಿಕೊಂಡರು. ಗೀತಮಾಲಾದ ವಾರ್ಷಿಕ ಪಟ್ಟಿಗಳು ಅಭಿಮಾನಿಗಳು ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಗಳಿಂದ ಪುಸ್ತಕಗಳಿಗೆ ಬಂದಿವೆ. 1967ರಲ್ಲಿ ಹಿಂದಿಯ ಯಾವ ಹಾಡು ಎಷ್ಟನೇ ಮೆಟ್ಟಿಲಲ್ಲಿತ್ತು ಎಂದು ಇಂದೂ ಹುಡುಕಿ ಹೇಳಬಹುದು. ಅದೇ ವರ್ಷ ಕನ್ನಡದ ಕೇಳುಗರಿಗೆ ಅತಿ ಹೆಚ್ಚು ಮೆಚ್ಚಾದ ಕನ್ನಡ ಹಾಡು ಯಾವುದು ಎಂದು ಕೇಳಿದರೆ, ಬಿಡಿಸಿ ನೋಡಲು ಅಂಥದೊಂದು ಪಟ್ಟಿ ಇಲ್ಲ.